ನಿನ್ನ ಕೋಡಿಗೆ ತಲುಪದ ದೂರು

ಕೆಸರೆ, ಮೈಸೂರು
೧೮ ಜೂನ್ ೨೦೨೫, ಬುಧವಾರ

ಪ್ರೀತಿಯ ಸೌಮ್ಯ,

ನಿನ್ನ ಕುತ್ತಿಗೆ ನೋವು ಹೇಗಿದೆ? ತವರಿನಲ್ಲಿ ಅತ್ತೆಯವರು ಎಣ್ಣೆ ಹಚ್ಚಿ ನೀವುತ್ತಿರಬೇಕು. ಮಾವನವರು ಮಂಡಿ ನೋವು ಎನ್ನುತ್ತಲೇ ಮಂಡಕಳ್ಳಿಯನ್ನೆಲ್ಲ ಸುತ್ತುತ್ತಿರುತ್ತಾರೆ, ಅವರನ್ನು ತಡೆಯುವವರು ಯಾರು! ಊರಿನ ಈ ತುದಿಯಿಂದ ಆ ತುದಿಗೆ ಕಾಗದವೇ ಎಂದು ನಗಬೇಡ. ಮೊಬೈಲಿನಲ್ಲಿ ಬರೆದದ್ದನ್ನು ಮೂರು ಸಲ ಅಳಿಸಿದೆ. ಇಲ್ಲಿ ನಾನು ಆರೋಗ್ಯ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದೊಂದು ಬಿಟ್ಟರೆ ಅಡುಗೆಯೂ ನಡೆಯುತ್ತಿದೆ.

ಇನ್ನು ಜಯಲಕ್ಷ್ಮಿಪುರಂನ ನಮ್ಮ ಆಫೀಸಿನ ಸುದ್ದಿ. ನೀನು ಬರೆದ ಕೋಡಿನಿಂದಲೇ ಸರ್ವರ್ ಸಾಯುತ್ತಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರಲ್ಲ, ಆ ಕೋಡ್ ತೆಗೆದ ಮೇಲೂ ಅದು ಎರಡು ಸಲ ಸತ್ತಿತು. ನಮ್ಮ ಮೇಲಧಿಕಾರಿ ವಾಗೀಶ ಸರ್ ಆಗ ಅದರೊಳಗಿನ ರ‍್ಯಾಮ್ ಮೆಮೊರಿಯ ಕಾರ್ಡು ಬಿಚ್ಚಿಸಿ ನೋಡಿದರು. ಒಂದು ಜಾಗ ಕೆಟ್ಟಿತ್ತು. ಮಾವನವರಿಗೂ ಓದಿ ಹೇಳು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಮೆಮೊರಿಯಲ್ಲಿ ಸಣ್ಣ ತಪ್ಪಾದರೆ ಯಂತ್ರ ತಾನೇ ತಿದ್ದಿಕೊಂಡು, ಒಳಗಿನ ಮೇಸ್ತ್ರಿಯಾದ ಕರ್ನಲ್‌ಗೆ ದೂರು ಕೊಡುತ್ತದೆ. ಒಂದೇ ಜಾಗದಿಂದ ಪದೇ ಪದೇ ದೂರು ಬಂದರೆ, ಅಲ್ಲಿರುವುದನ್ನು ಬೇರೆಡೆಗೆ ಸಾಗಿಸಿ ಆ ಜಾಗಕ್ಕೆ ಬೀಗ ಹಾಕುವುದು ನಿನ್ನ ಕೋಡಿನ ಕೆಲಸ. ಆದರೆ ದೂರು ಬರಲೇ ಇಲ್ಲ. ಯಂತ್ರ ಶುರುವಾಗುವಾಗ ಓದಿಕೊಳ್ಳುವ ಆಜ್ಞೆಗಳ ಸಾಲಿಗೆ ಯಾರೋ ಒಂದು ಪದ ಸೇರಿಸಿದ್ದರು, ತಿದ್ದಿಕೊಂಡ ತಪ್ಪುಗಳನ್ನು ಹೇಳಬೇಡ ಎಂದು. ತೆರೆಯ ತುಂಬ ಅದೇ ದೂರು ಬಂದು ಬೇಸರವಾಗಿರಬೇಕು. ಹೇಗೂ ತಿದ್ದಿಕೊಂಡಿದೆಯಲ್ಲ, ಬಿಡು ಎಂದುಕೊಂಡಿರಬೇಕು. ಕೊನೆಗೆ ತಿದ್ದಲಾಗದ ತಪ್ಪು ಬಂದಾಗಲೆಲ್ಲ ಕರ್ನಲ್ ಇಡೀ ಯಂತ್ರವನ್ನೇ ನಿಲ್ಲಿಸುತ್ತಿತ್ತು.

ನಿನ್ನ ಕೋಡಿನದೇ ತಪ್ಪೆಂದ ಆ ಸಭೆಯಲ್ಲಿ ನೀನೂ ಅದನ್ನೇ ಹೇಳಿದ್ದೆ. "ನನ್ ಕೋಡ್‌ಗೆ ದೂರೇ ಬರ್ತಿಲ್ಲ ಕಣ್ರೀ, ಅದು ಎಂಗೆ ಕೆಲ್ಸ ಮಾಡುತ್ತೆ?" ಎಂದು ನನ್ನ ಕಡೆ ನೋಡಿದೆ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ. ಅವತ್ತೇ ನೀನು ರಾಜೀನಾಮೆ ಕೊಟ್ಟು ತವರಿಗೆ ಹೊರಟೆ. "ನೀವಾದ್ರೂ ಒಂದ್ ಮಾತು ಆಡ್ಬೋದಿತ್ತು" ಎಂದು ನೀನು ಅಂದದ್ದು ನನಗೆ ಕೇಳಿಸಿತ್ತು. ಕೇಳಿಸದವನಂತೆ ನಿನಗೆ ಮನೆಯ ಗೇಟು ತೆಗೆದುಕೊಟ್ಟೆ. ನಾಚಿಕೆಯಾಗುತ್ತಿದೆ, ಸೌಮ್ಯ.

ಶುರುವಿನ ಸಾಲಿನ ಆ ಪದ ತೆಗೆದು, ಕೆಟ್ಟ ಕಾರ್ಡನ್ನೇ ಉಳಿಸಿಕೊಂಡು, ನಿನ್ನ ಕೋಡನ್ನು ಮತ್ತೆ ಹಾಕಿ ನೋಡಿದೆವು. ಒಂದು ಗಂಟೆಯೊಳಗೆ ಕೆಟ್ಟ ಜಾಗಕ್ಕೆ ಬೀಗ ಬಿತ್ತು. ಇವತ್ತಿಗೆ ಒಂಬತ್ತು ದಿನ, ಯಂತ್ರ ಒಮ್ಮೆಯೂ ನಿಂತಿಲ್ಲ. ನಿನ್ನ ಕೋಡಿನಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ.

ಅತ್ತೆ ಮಾವನವರ ಪಾದಗಳಿಗೆ ನನ್ನ ನಮಸ್ಕಾರ ಹೇಳು. ಎತ್ತರದ ದಿಂಬು ಬೇಡ, ಕುತ್ತಿಗೆಗೆ ಆಗುವುದಿಲ್ಲ.

ನಿನ್ನ,
ಯೋಗೇಂದ್ರ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಅವಸರದಲ್ಲಿ. ಮೇಲೆ 'ಯಾರೋ' ಎಂದು ಬರೆದಿದ್ದೇನೆ. ಅದು ನಾನು. ಸಭೆಯ ಹಿಂದಿನ ದಿನವೇ ನನಗದು ನೆನಪಾಗಿತ್ತು, ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಸಭೆಯಲ್ಲಿದ್ದ ಎಲ್ಲರಿಗೂ ನನ್ನ ಹೆಸರು ಹಾಕಿ ಬರೆದು ಕಳಿಸಿದೆ. ನಿನ್ನನ್ನು ಕೆಲಸಕ್ಕೆ ವಾಪಸ್ ಕರೆಯಲು ವಾಗೀಶ ಸರ್ ಶನಿವಾರ ಮಂಡಕಳ್ಳಿಗೆ ಬರುತ್ತಾರೆ. ಅವರ ಜೊತೆ ನಾನು ಬರುವುದಿಲ್ಲ. ನೀನು ಕರೆದರೆ ಮಾತ್ರ ಬರುತ್ತೇನೆ.