ಮಾಲುವಿನ ಹೊಟ್ಟೆಯಲ್ಲಿ ಕಸ್ತೂರಿಯ ಮರಿ

ಫೆಬ್ರವರಿ ೧೦, ಮಂಗಳವಾರ, ಪುಲ್ಪಳ್ಳಿ

ಪಕ್ಕದ ತೋಟದ ಶೀಜಳ ಕುದುರೆ ಮಾಲುವಿಗೆ ಮೊದಲ ಸಲಕ್ಕೇ ಗಬ್ಬ ನಿಂತು, ಒಳ್ಳೆಯ ಮರಿಯೂ ಆಗಿತ್ತು. ನನ್ನ ಕುದುರೆ ಕಸ್ತೂರಿಗೆ ಈ ಸಲವೂ ನಿಲ್ಲಲಿಲ್ಲ.

ಡಾಕ್ಟರು ಇವತ್ತು ಸ್ಕ್ಯಾನ್ ಮಾಡಿ ಹೇಳಿಯೇಬಿಟ್ಟರು: "ಇವಳ ಗರ್ಭಕೋಶ ಮರಿಯನ್ನು ಹೊರೋದಿಲ್ಲ. ಗರ್ಭ ಕಟ್ಟಿದ ಕೂಡಲೇ ಭ್ರೂಣ ತೆಗೆದು ಬೇರೆ ಕುದುರೆಯಲ್ಲಿ ಇಟ್ಟು ನೋಡಬಹುದು."

ಈ ಸುತ್ತಮುತ್ತ ಬೇರೆ ಕುದುರೆ ಅಂದರೆ ಮಾಲು ಒಂದೇ. ನಾನು ಬಾಯಿ ಬಿಡುವ ಮೊದಲೇ, ಪಕ್ಕದಲ್ಲೇ ನಿಂತಿದ್ದ ಶೀಜ, "ನಮ್ಮ ಮಾಲು ಹೊರ್ತಾಳೆ ಭಾಗ್ಯ ಚೇಚ್ಚಿ, ಮರಿ ನಿಮ್ದೇ" ಅಂದಳು, ಒಡಹುಟ್ಟಿದ ಅಕ್ಕನಿಗೆ ಹೇಳುವ ಹಾಗೆ. ನನ್ನ ಮೈಯೆಲ್ಲ ಉರಿಯಿತು. ಕಸ್ತೂರಿಯ ಮರಿ ಮಾಲುವಿನ ಹಾಲು ಕುಡಿದು ಮಾಲುವಿನ ಹಿಂದೆಯೇ ಓಡಾಡುತ್ತದೆ. ನೋಡಿದವರೆಲ್ಲ ಶೀಜಳ ಮರಿ ಎಷ್ಟು ಚೆಂದ ಅನ್ನುತ್ತಾರೆ.

ಆದರೆ ಬೇಡ ಅಂದರೆ ಕಸ್ತೂರಿಯ ವಂಶ ಅವಳಿಗೇ ಮುಗಿಯುತ್ತದೆ. ಸವಾರಿಗೆ ಬಂದ ಒಂದು ಮಗುವನ್ನೂ ಬೀಳಿಸದವಳು ಅವಳು. ಅದಕ್ಕೇ ಒಪ್ಪಿದೆ. ಸುಮ್ಮನೆ ಒಪ್ಪಲು ಮಾತ್ರ ಮನಸ್ಸು ಬರಲಿಲ್ಲ.

"ಮರಿ ಹಾಲು ಬಿಡೋ ತನಕ ಮಾಲು ನಮ್ಮ ಲಾಯದಲ್ಲೇ ಇರ್ಬೇಕು" ಅಂದೆ. ಅವಳು ಜಗಳಕ್ಕೆ ಬರಲಿ ಅಂತಲೇ ಹೇಳಿದ್ದು.

"ಸಾರಮಿಲ್ಲ ಚೇಚ್ಚಿ, ಪರವಾಗಿಲ್ಲ, ಇಟ್ಕೊಳ್ಳಿ. ಅವಳಿಗೆ ಬೆಲ್ಲ ಅಂದ್ರೆ ಪ್ರಾಣ, ದಿನಾ ಒಂದ್ಚೂರು ಕೊಡಿ" ಅಂತ ನಕ್ಕು, ಕಸ್ತೂರಿಯ ಕುತ್ತಿಗೆ ಸವರಿದಳು. ಕಸ್ತೂರಿಯೂ ಕಣ್ಣು ಮುಚ್ಚಿ ಸವರಿಸಿಕೊಂಡಳು.

ಹಾಗೆ ಕೊಟ್ಟುಬಿಡುವುದು ನನಗೇಕೆ ಬರುವುದಿಲ್ಲ? ಶೀಜ ಒಂದೇ ಒಂದು ಮಾತು ಎದುರಾಡಿದ್ದರೂ ಇವತ್ತು ನನಗೆ ನಿದ್ದೆ ಬರುತ್ತಿತ್ತು.