ಜಪಾನಿನವನ ಇಂಗ್ಲಿಷಿನಲ್ಲಿ ನಮ್ಮದೇ ತಪ್ಪು

ನನ್ನ ಮೇಷ್ಟ್ರಿಗೆ, ಮಲಯಾದಿಂದ ತಿರುಗಿ ಬಂದ ಪುಟ್ಟಸ್ವಾಮಿಯ ನಮಸ್ಕಾರ.

ಹೋದ ವಾರ ಮದ್ದೂರಿನಲ್ಲಿ ರೈಲಿಳಿದವನು ಆತಗೂರಿನ ನಮ್ಮ ಮನೆಗೂ ಹೋಗದೆ ನೇರವಾಗಿ ನಿಮ್ಮಲ್ಲಿಗೆ ಬಂದೆ. ನಿಮ್ಮ ಮನೆಯ ಅಮ್ಮನವರು ಬಾಗಿಲಲ್ಲೇ ನಿಂತು, "ಅವ್ರು ಓಗಿ ಎರಡು ವರ್ಸ ಆಯ್ತು ಕಣಪ್ಪ. ನೀನೂ ಬದುಕಿಲ್ಲ ಅಂದ್ಕಂಡೇ ಕಣ್ಮುಚ್ಚುದ್ರು," ಅಂದರು. ನಿಮಗೆ ಹೇಳಬೇಕೆಂದು ಅಷ್ಟು ದೂರದಿಂದ ಹೊತ್ತು ತಂದ ಮಾತು... ಇನ್ನು ಯಾರಿಗೆ ಹೇಳಲಿ?

ನೆನಪಿದೆಯೇ, ನಾನು ಕೊನೆಯ 'ಎಸ್' ಬಿಟ್ಟು 'ಟೆನ್ ಕೋಕನಟ್' ಎಂದು ಬರೆದದ್ದು? ಬೆತ್ತ ಬೀಳುತ್ತದೆ ಅಂದುಕೊಂಡಿದ್ದೆ. ನೀವು ಪಕ್ಕದಲ್ಲಿ ಕೂತು, "ಸಂತೇಲಿ ಏನಂತ ಕೇಳ್ತೀಯ್ಲಾ?" ಅಂದಿರಿ. ಹತ್ತು ಕಾಯಿ ಕೊಡಿ ಅಂತೀನಿ ಸಾರ್, ಅಂದೆ. "ನೋಡ್ದಾ, ಕಾಯಿಗಳು ಅನ್ನಕಿಲ್ಲ ನೀನು. ತಲೇಲಿ ಕನ್ನಡ ಓಡ್ತದೆ, ಕೈ ಇಂಗ್ಲಿಷ್ ಬರೀತದೆ. ಅದ್ಕೇ ಇಂಗಾಯ್ತದೆ ಕಣ್ಲಾ," ಅಂದಿರಿ.

ಸಿಂಗಪುರ ಜಪಾನಿನವರ ಕೈಗೆ ಬಿದ್ದಾಗ ಸೈನ್ಯದಲ್ಲಿ ಗುಮಾಸ್ತನಾಗಿದ್ದ ನಾನೂ, ನನ್ನ ಗೆಳೆಯ ಮಳವಳ್ಳಿಯ ಚಿಕ್ಕಣ್ಣನೂ ಸೆರೆಯಾದೆವು. ನಮ್ಮನ್ನಿಟ್ಟಿದ್ದ ಮಲಯಾ ಕಾಡಿನ ಕ್ಯಾಂಪಿಗೆ ಮೋರಿ ಎಂಬ ಜಪಾನಿ ದುಭಾಷಿಯಾಗಿ ಬಂದ. ತನ್ನ ದೇಶದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದುತ್ತಿದ್ದವನನ್ನು ಯುದ್ಧಕ್ಕೆ ಎಳೆದು ತಂದಿದ್ದರು. ಅವನು ಬರೆಯುವ ಹುಕುಂಗಳಲ್ಲಿ 'ಎ' ಇಲ್ಲ, 'ದಿ' ಇಲ್ಲ, ಎಷ್ಟೇ ವಸ್ತುವಿದ್ದರೂ 'ಎಸ್' ಇಲ್ಲ. ಉಳಿದವರು ನಗುತ್ತಿದ್ದರು. ನನಗೆ ಮದ್ದೂರಿನ ನಿಮ್ಮ ಪಾಠ ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ 'ಸಿಕ್ ಮ್ಯಾನ್ ಸ್ಟೇ, ಆಲ್ ಅದರ್ ಗೋ' ಎಂದು ಹುಕುಂ ಬಂತು. ಬೇರೆ ಕ್ಯಾಂಪಿಗೆ ಕಾಡಿನಲ್ಲಿ ನಡೆದು ಹೋಗಬೇಕಿತ್ತು. ಜ್ವರದಲ್ಲಿ ಮಲಗಿದ್ದವರಲ್ಲಿ ಚಿಕ್ಕಣ್ಣನೂ ಒಬ್ಬ. ನಮ್ಮ ತುಕಡಿಯ ಮೇಲಧಿಕಾರಿ ಜಮಾದಾರರು ಇಂಗ್ಲಿಷ್ ಬಲ್ಲವರು. ಮ್ಯಾನ್ ಎಂದರೆ ಒಬ್ಬ, ಒಬ್ಬ ರೋಗಿ ಮಾತ್ರ ಉಳಿಯಲಿ, ಮಿಕ್ಕವರನ್ನು ಎಬ್ಬಿಸಿ ಎಂದರು. ಹುಕುಂ ಮೀರಿದವರ ಗತಿಯನ್ನು ಎಲ್ಲರೂ ಕಂಡಿದ್ದೆವು. ಚಿಕ್ಕಣ್ಣ ಎದ್ದು ನಿಂತವನು ಹಾಗೇ ಕುಸಿದ. "ನನ್ನ ಬುಟ್ಬುಟ್ಟು ಓಗ್ಲಾ," ಅಂದ.

ನಾನು ಮೋರಿಯ ಹತ್ತಿರ ಓಡಿದೆ. ಒಬ್ಬ ಮನುಷ್ಯನಿಗೆ ನಿಮ್ಮಲ್ಲಿ ಏನನ್ನುತ್ತೀರಿ, ಹತ್ತು ಜನರಿಗೆ ಏನನ್ನುತ್ತೀರಿ ಎಂದು ಕೇಳಿದೆ. ಎರಡಕ್ಕೂ ಅವನು ಒಂದೇ ಪದ ಹೇಳಿದ. 'ಮ್ಯಾನ್', 'ಮೆನ್' ಎರಡನ್ನೂ ಬರೆದು ತೋರಿಸಿ, ಒಬ್ಬನನ್ನು ಬಿಟ್ಟು ಮಿಕ್ಕ ರೋಗಿಗಳನ್ನೆಲ್ಲ ಎಬ್ಬಿಸುತ್ತಿದ್ದಾರೆ ಎಂದೆ. ಅವನ ಮುಖ ಬಿಳುಚಿತು. ಪೆನ್ಸಿಲು ಕಿತ್ತುಕೊಂಡು 'ಆಲ್ ಸಿಕ್ ಮೆನ್' ಎಂದು ತಿದ್ದಿದ. ರೋಗಿಗಳೆಲ್ಲ ಉಳಿದರು. ಗುಮಾಸ್ತ ಬೇಕೆಂದು ನನ್ನನ್ನೂ ಉಳಿಸಿಕೊಂಡ.

ಆಮೇಲೆ ಏನು ಬರೆದರೂ ಮೊದಲು ನನಗೆ ತೋರಿಸುತ್ತಿದ್ದ. ಅವರ ಭಾಷೆಯಲ್ಲೂ ಕ್ರಿಯಾಪದ ನಮ್ಮಂತೆ ಕೊನೆಗೇ ಬರುತ್ತದಂತೆ ಮೇಷ್ಟ್ರೇ. ಇದನ್ನು ಕೇಳಿದ್ದರೆ ನೀವು ಎಷ್ಟು... ಯುದ್ಧ ಮುಗಿಯುವ ಮೊದಲೇ ಅವನೂ ಅದೇ ಜ್ವರಕ್ಕೆ ತೀರಿಕೊಂಡ.

ಇಲ್ಲಿ ಎಲ್ಲರಿಗೂ ಬಾಂಬಿನ ಕಥೆ ಬೇಕು. ವ್ಯಾಕರಣದ ಮಾತು ತೆಗೆದರೆ ಎದ್ದು ಹೋಗುತ್ತಾರೆ.

ನೆನ್ನೆ ಮಳವಳ್ಳಿಗೆ ಹೋಗಿದ್ದೆ. ಚಿಕ್ಕಣ್ಣ ಜಗಲಿಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದ. ಮಗನಿಂದ ಎಲ್ಲ ಕೇಳಿದ್ದ ಅವನ ತಾಯಿ ನನ್ನ ಕೈ ಹಿಡಿದುಕೊಂಡು, "ನಿಂಗೆ ಕಲ್ಸಿದ ಆ ಮೇಷ್ಟ್ರುನ್ನ ಒಂದಿನ ಕರ್ಕಬಾರಪ್ಪ. ಕೋಳಿ ಕುಯ್ದು ಊಟಕ್ಕಿಕ್ತೀನಿ," ಅಂದಳು. ನೀವಿಲ್ಲ ಎನ್ನಲು ಬಾಯಿ ಬರಲಿಲ್ಲ. "ಆಗ್ಲಿ ಕಣವ್ವ, ಕರ್ಕಬತ್ತೀನಿ," ಅಂದುಬಿಟ್ಟೆ. ಭಾನುವಾರ ಎಂದು ದಿನವನ್ನೂ ಗೊತ್ತು ಮಾಡಿದ್ದಾಳೆ.

ಒಬ್ಬನೇ ಹೋಗುತ್ತೇನೆ ಮೇಷ್ಟ್ರೇ. ನಿಮಗೆಂದು ಹಾಕಿದ ಎಲೆಯ ಪಕ್ಕ ಕೂತು, ಅವಳು ಬಡಿಸಲು ಬಗ್ಗಿದಾಗ ಹೇಳುತ್ತೇನೆ.

ನಿಮ್ಮ
ಪುಟ್ಟಸ್ವಾಮಿ