ಗೊಂಬೆ ಕೋಟಿನ ಒಳಜೇಬು

ಹಾಸ್ಟೆಲ್ ರೂಮು
ಭಾನುವಾರ, ಊಟ ಆದ ಮೇಲೆ

ಪ್ರೀತಿಯ ಅಕ್ಕಾ,

ಮೊದಲು ಸಾರಿ. ಬರೆದಿದ್ದಕ್ಕೇ ಸಾರಿ. ಫೋನ್ ಇಟ್ಟುಕೊಂಡು ಇವಳು ಕಾಗದ ಯಾಕೆ ಹಾಕಿದಳು ಅಂತ ನಿನ್ನ ಎದೆ ಧಸಕ್ ಅಂದಿರುತ್ತದೆ. ನನಗೆ ಜ್ವರ ಇಲ್ಲ, ಫೇಲೂ ಆಗಿಲ್ಲ (ರಿಸಲ್ಟ್ ಇನ್ನೂ ಬಂದಿಲ್ಲ). ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು "ಆಮೇಲ್ ಮಾತಾಡೋಣ, ಪಾಪು ಅಳ್ತಿದೆ" ಅಂತ ಇಟ್ಟುಬಿಡುತ್ತೀಯ. ಪಾಪು ಅಳುವುದು ನನಗೆ ಒಂದು ಸಲವೂ ಕೇಳಿಸಿಲ್ಲ ಅಕ್ಕ. ಅದಕ್ಕೇ ಕಾಗದ. ನನ್ನ ಕನ್ನಡಕ್ಕೆ ನಗಬೇಡ. ಹಾಸ್ಟೆಲಿನಲ್ಲಿ ಬೆಳೆದವಳು, ಎರಡು ಭಾಷೆಯೂ ಅರ್ಧಂಬರ್ಧ.

ಶನಿವಾರ ಒಬ್ಬರ ಮನೆಗೆ ಕೆಲಸಕ್ಕೆ ಹೋಗುತ್ತೇನೆ ಅಂದಿದ್ದೆನಲ್ಲ, ರಿಟೈರ್ ಆದ ಹಲ್ಲಿನ ಡಾಕ್ಟರಮ್ಮ. ಅವರು ಹಳೆಯ ಫ್ಯಾಷನ್ ಗೊಂಬೆಗಳನ್ನು ಕೂಡಿಡುತ್ತಾರೆ. ಎತ್ತಿ ಆಡಿಸುವ ಪಾಪು ಗೊಂಬೆಗಳಲ್ಲ. ಸಣ್ಣ ಸೊಂಟ, ಹೈ ಹೀಲ್ಸ್, ಓರೆಗಣ್ಣು, ಎಲ್ಲಿಗೋ ಹೊರಟು ನಿಂತ ಹೆಂಗಸರ ಗೊಂಬೆಗಳು. ಹಲ್ಲು ಕೀಳುತ್ತಿದ್ದ ಕೋಣೆಯಲ್ಲೇ ಗಾಜಿನ ಬೀರುಗಳಲ್ಲಿ ಸಾಲಾಗಿ ನಿಂತಿವೆ. ಪೇಷೆಂಟ್ ಕುರ್ಚಿಯೂ ಅಲ್ಲೇ ಇದೆ, ನಾನು ಅದರಲ್ಲೇ ಕೂತು ಕೆಲಸ ಮಾಡುವುದು. ಲೋಹದ ಓಲೆ ಹಾಕಿದ ಹಳೆಯ ಗೊಂಬೆಗಳ ಕಿವಿ ಹಸಿರುಗಟ್ಟಿರುತ್ತದೆ. ಹಲ್ಲು ಕೆರೆಯುವ ಕೊಕ್ಕೆಯಲ್ಲೇ ಅದನ್ನು ಕ್ಲೀನ್ ಮಾಡುತ್ತಾ, "ಇವ್ರೇ ಕಣೆ ಒಳ್ಳೇ ಪೇಷೆಂಟ್ಸು. ಉಯ್ ಅನ್ನಲ್ಲ, ಕೈ ಕಚ್ಚಲ್ಲ" ಅನ್ನುತ್ತಾರೆ.

ಬಟ್ಟೆ, ಬೂಟು, ಪರ್ಸು ವಿಂಗಡಿಸುವುದು ನನ್ನ ಕೆಲಸ. ಕತ್ತಿನ ಒಳಗೆ ಲೇಬಲ್ ಇದ್ದರೆ ಕಂಪನಿಯದ್ದು, ಬೀರುವಿಗೆ. ಯಾರೋ ಮನೆಯಲ್ಲಿ ಹೊಲಿದದ್ದಾದರೆ ಬಿಚ್ಚಿ ಒಂದು ಡಬ್ಬಕ್ಕೆ. ಆ ಡಬ್ಬಕ್ಕೆ ಡಾಕ್ಟರಮ್ಮ ಇಟ್ಟ ಹೆಸರು ಅನಾಥಾಶ್ರಮ.

ಕಾಲೇಜು ಶುರುವಾದ ಹೊಸದರಲ್ಲಿ ಒಂದು ಗೊಂಬೆ ಬಂತು. ಅದರ ಮೈಮೇಲೆ ಹಳದಿ ಫ್ರಾಕು, ಅದರ ತುಂಬ ಪುಟ್ಟ ಪುಟ್ಟ ನೀಲಿ ಕೊಡೆಗಳು. ನಮ್ಮ ಹಳೇ ಮನೆಯ ಕಿಟಕಿ ಪರದೆ ನೆನಪಿದೆಯಾ? ಇಂಥ ಬಟ್ಟೆ ಸಾವಿರಾರು ಮನೆಯಲ್ಲಿ ಇರುತ್ತದೆ ಅಂದುಕೊಂಡೆ. ಗೊಂಬೆಯ ಸೊಂಟದ ಹಿಂದೆ ಒತ್ತಿದ್ದ ಇಸವಿ ನೋಡಿ "ಡಾಕ್ಟರ್, ಈ ಫ್ರಾಕು ಅಪ್ಪನಿಗಿಂತ ಹಳೇದು" ಅಂದೆ. ಅವರು ಬಿದ್ದು ಬಿದ್ದು ನಕ್ಕರು.

"ಅದು ಅಚ್ಚು ಮಾಡಿದ ಇಸವಿ ಕಣೆ ಪೆದ್ದಿ. ಗೊಂಬೆ ಹುಟ್ಟಿದ್ದೇ ಅದಾದ್ಮೇಲೆ ಎಷ್ಟೋ ವರ್ಷಕ್ಕೆ. ಇನ್ನು ಬಟ್ಟೆ? ಅಂಚು ಮಗುಚಿ ನೋಡು."

ಮಗುಚಿ ನೋಡಿದೆ. ಟೈಲರ್ ಚಾಕಿನ ಗೆರೆ ಇನ್ನೂ ಅಳಿಸಿರಲಿಲ್ಲ, ನನ್ನ ಬೆರಳಿಗೆ ಮೆತ್ತಿಕೊಂಡಿತು. ಬಟ್ಟೆ ಹಳೆಯದು, ಹೊಲಿದದ್ದು ಮೊನ್ನೆ ಮೊನ್ನೆ.

"ಎಡಗೈಯೋರ ಹೊಲಿಗೆ. ಟಾಕಾ ಎಲ್ಲಾ ಉಲ್ಟಾ ವಾಲಿದೆ ನೋಡು" ಅಂದರು. ಒಳಗಡೆ, ಎಡ ಪಕ್ಕೆಯ ಹತ್ತಿರ, ಹೊರಗಿಂದ ಕಾಣದ ಒಂದು ಜೇಬು ಇತ್ತು ಅಕ್ಕ. ಖಾಲಿ.

ಹಾಸ್ಟೆಲಿನಲ್ಲಿ ಕಳ್ಳಿಯರಿರುತ್ತಾರೆ ಅಂತ ಅಮ್ಮ ನನ್ನ ಎಲ್ಲ ಫ್ರಾಕಿಗೂ ಹೊಲಿಯುತ್ತಿದ್ದಳಲ್ಲ, ಅದೇ ಜಾಗ.

ಫ್ರಾಕನ್ನು ಬಿಚ್ಚಿ ಅನಾಥಾಶ್ರಮಕ್ಕೆ ಹಾಕಿದೆ. ಆಮೇಲೆ ಇನ್ನೊಂದು ಗೊಂಬೆ ಬಂತು, ಮರೂನ್ ಪಟ್ಟೆಯ ಯೂನಿಫಾರ್ಮಿನಲ್ಲಿ. ನಮ್ಮ ಸ್ಕೂಲಿನದು. ಆ ಪಟ್ಟೆ ಬಂದದ್ದು ನಾನು ಎಂಟನೇ ಕ್ಲಾಸಿನಲ್ಲಿದ್ದಾಗ. ಅಷ್ಟು ಹೊತ್ತಿಗೆ ಅಮ್ಮ ಇರಲಿಲ್ಲ, ಅವಳು ಅದನ್ನು ನೋಡಿಯೇ ಇಲ್ಲ. ಮತ್ತೆ ಅದೇ ಜೇಬು, ಅದೇ ವಾಲಿದ ಟಾಕಾ. ಕೊನೆಯ ದಾರವನ್ನು ಕತ್ತರಿಸಿರಲಿಲ್ಲ, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ್ದರು. ಅದನ್ನೂ ಹೇಳಿದವರು ಡಾಕ್ಟರಮ್ಮನೇ. "ಹಲ್ಲಿನ ವಿಷ್ಯ ನನ್ನತ್ರ ಮುಚ್ಚಿಡೋಕಾಗುತ್ತಾ?" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನೆ ಮೂರನೆಯದು ಬಂತು. ಹಸಿರು ಕೋಟು.

ನಾನು ಈ ಚಳಿಗೆ ತಗೊಂಡ ಕೋಟು ಅಕ್ಕ. ನಿನಗೆ ಫೋಟೋ ಕೂಡ ಕಳಿಸಿಲ್ಲ. ಕಾಲರಿನ ಆಕಾರ, ಬೆನ್ನಿನ ಮಡಿಕೆ ಎಲ್ಲ ಅದೇ. ನನ್ನ ಎಡತೋಳಿನ ತುದಿಯ ಕಪ್ಪು ಬಟನ್ ಲೈಬ್ರರಿಯಲ್ಲೆಲ್ಲೋ ಬಿದ್ದುಹೋಯಿತು, ವಾರ್ಡನ್ ಹತ್ತಿರ ಇಸಕೊಂಡು ಕಂದು ಬಣ್ಣದ್ದು ಹಾಕಿಕೊಂಡಿದ್ದೇನೆ. ಗೊಂಬೆಯ ಕೋಟಿಗೆ ಬಟನ್ ಬದಲು ಕಪ್ಪು ಮಣಿಗಳು. ಎಡತೋಳಿನಲ್ಲಿ ಮಾತ್ರ ಒಂದು ಕಂದು ಮಣಿ.

ಈ ಸಲ ಒಳಜೇಬು ಖಾಲಿ ಇರಲಿಲ್ಲ. ಡಾಕ್ಟರಮ್ಮ ಚಿಮಟದಲ್ಲಿ ಎಳೆದರು. ನನ್ನ ಕಪ್ಪು ಬಟನ್. ನಾನು ಕುರ್ಚಿಯಿಂದ ಎದ್ದೆ. ಬೀರುವಿನೊಳಗಿನ ಅಷ್ಟೂ ಓರೆಗಣ್ಣು ನನ್ನ ಕಡೆಗೇ ತಿರುಗಿದ್ದವು. ಅವು ಯಾವಾಗಲೂ ಹಾಗೇ ಇರುತ್ತವೆ, ಗೊತ್ತು. ಆದರೂ.

ಮೂರೂ ಗೊಂಬೆ ಬಂದದ್ದು ಒಂದೇ ಕಡೆಯಿಂದ, ಬೀದಿ ಮೂಲೆಯ ಹಳೇ ಸಾಮಾನಿನ ಅಂಗಡಿ. ಅಲ್ಲಿಗೆ ಓಡಿದೆ.

"ಒಬ್ರು ತಂದ್ಕೊಡ್ತಾರಮ್ಮ. ಕಾಸು ಬೇಡ ಅಂತಾರೆ. ಹಲ್ಲಿನ ಡಾಕ್ಟ್ರ ಮನೆಗೇ ಕೊಡಿ ಅಂತಾರೆ, ಅಷ್ಟೆ" ಅಂದ ಅಂಗಡಿಯವ.

"ಹೇಗಿದ್ರು? ವಯಸ್ಸೆಷ್ಟು?"

"ತಲೆಗೆ ಮುಖಕ್ಕೆ ಎಲ್ಲಾ ಸ್ಕಾರ್ಫು. ವಯಸ್ಸು ಹೆಂಗೆ ಹೇಳ್ಲಿ? ಎಡಗೈಯಲ್ಲಿ ಕೊಟ್ರು, ಅದೊಂದು ಗೊತ್ತು." ಆಮೇಲೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಕಣ್ಣು ನಿಮ್ದೇ ಥರ. ಶನಿವಾರ ಮತ್ತೆ ಬರ್ತೀನಿ, ಡಾಕ್ಟ್ರ ಮನೇಲಿ ಕೆಲಸ ಮಾಡೋ ಹುಡುಗೀನ ಇಲ್ಲಿಗೆ ಬರಕ್ಕೆ ಹೇಳಿ ಅಂದಿದಾರೆ. ನಿಮ್ಮ ಅಕ್ಕಾನಾ?" ಅಂದ.

ನಾನು ಅಲ್ಲಿಂದ ಸೀದಾ ಹಾಸ್ಟೆಲಿಗೆ ಬಂದುಬಿಟ್ಟೆ.

ನಮ್ಮ ಮನೆಯಲ್ಲಿ ಎಡಗೈಯವರು ಇಬ್ಬರೇ, ನೀನು ಮತ್ತು ಅಮ್ಮ. ನೀನಿರುವುದು ಒಂದು ಇಡೀ ದಿನದ ರೈಲು ದೂರದಲ್ಲಿ, ಕೈಗೂಸು ಬೇರೆ. ಅಮ್ಮ ಹೋದಮೇಲೆ ನೀನು ಸೂಜಿ ಮುಟ್ಟಿದ್ದನ್ನು ನಾನು ನೋಡಿಲ್ಲ, ಬಟನ್ ಬಿದ್ದರೂ ಭಾವನ ಕೈಲೇ ಹಾಕಿಸುತ್ತೀಯ. ಆದರೂ ಅದು ನೀನೇ ಆಗಿರಲಿ ಅಂತ ನಿನ್ನೆಯಿಂದ ಬೇಡಿಕೊಳ್ಳುತ್ತಿದ್ದೇನೆ.

ಹಸಿರು ಕೋಟು ಹಾಕದೆ ಚಳಿಯಲ್ಲೇ ಕೂತಿದ್ದೇನೆ. ಅದನ್ನು ಬಾಗಿಲ ಹಿಂದೆ ನೇತುಹಾಕಿದ್ದೆ, ಈಗ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ರೂಮ್‌ಮೇಟ್ "ಕೋಟೇನ್ ಓಡೋಗುತ್ತಾ?" ಅಂತ ಆಡಿಕೊಂಡಳು.

ಭಾವನನ್ನು ಕೇಳಿದೆ ಅಂತ ಹೇಳು. ಪಾಪುಗೆ ಎರಡು ಕೆನ್ನೆಗೂ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನಗೆ ಏನೂ ಆಗದಿರಲಿ.

ನಿನ್ನ
ಬಟಾಣಿ

ತಾ.ಕ.: ಅಕ್ಕ, ನಾನಾಗ ಎರಡನೇ ಕ್ಲಾಸು. ಅಪ್ಪ ಹಾಸ್ಟೆಲಿನ ವಿಸಿಟರ್ಸ್ ರೂಮಿನಲ್ಲಿ ನನ್ನ ಕೈಗೆ ಬಿಸ್ಕೆಟ್ ಪ್ಯಾಕೆಟ್ ಕೊಟ್ಟು, ಅಮ್ಮ ಸತ್ತಳು ಅಂತ ಹೇಳಿ, ಬಂದ ಟ್ಯಾಕ್ಸಿಯಲ್ಲೇ ವಾಪಸ್ ಹೋದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ರಜೆಗೆ ಬಂದಾಗ ನಿನ್ನನ್ನು ಕೇಳಿದೆ. "ನಾನ್ ನೋಡ್ದೆ ಕಣೆ, ನಿದ್ದೆ ಮಾಡ್ದಂಗಿದ್ಳು" ಅಂದೆ. ಅದೊಂದು ಮಾತು ನಂಬಿಕೊಂಡೇ ಇಷ್ಟು ವರ್ಷ ಅವಳಿಗಾಗಿ ಕಾಯುವುದನ್ನು ಬಿಟ್ಟಿದ್ದೆ. ಅವತ್ತು ನೀನು ನಿಜವಾಗಲೂ ನೋಡಿದ್ದೆಯಾ? ಗೊಂಬೆ ಬಟ್ಟೆ ನೀನು ಹೊಲಿದಿದ್ದರೆ ನನಗೆ ಕೋಪ ಇಲ್ಲ, ಆಣೆ. ನೀನಲ್ಲದಿದ್ದರೆ ಶನಿವಾರ ನಾನು ಹೋಗಲೋ ಬೇಡವೋ ಹೇಳು. ಅಷ್ಟರೊಳಗೆ ನಿನ್ನ ಉತ್ತರ ನನ್ನ ಕೈಗೆ ಬರಬೇಕು. ದಯವಿಟ್ಟು ಬೇಗ ಬರಿ.